ಬಟ್ಟೆ ತೊಳೆಯುವ ಯಂತ್ರವನ್ನು ತೊಳೆಯುವವರು ಯಾರು?

ಒಗೆದ ಬಟ್ಟೆಯಿಂದ ಮುಗ್ಗಲು ವಾಸನೆ ಬಂದರೆ ನಾವು ಮೊದಲು ದೂರುವುದು ಮಳೆಗಾಲವನ್ನು, ಆಮೇಲೆ ಸೋಪಿನ ಪುಡಿಯನ್ನು. ಅದೂ ಅಲ್ಲವಾದರೆ ಮನೆಯಾಕೆಯನ್ನು! ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುವ ವಾಷಿಂಗ್ ಮೆಷಿನ್ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ. ದಿನವೂ ಸೋಪು, ನೀರು ಕಾಣುವ ಯಂತ್ರ ಕೊಳೆಯಾಗುವುದಾದರೂ ಹೇಗೆ ಎಂಬುದು ನಮ್ಮ ನಂಬಿಕೆ.

ಈ ನಂಬಿಕೆ ತಪ್ಪು. ಬೆವರು, ಮೈಯ ಜಿಡ್ಡು, ಚರ್ಮದ ಹೊಟ್ಟು, ನೂಲಿನ ಎಳೆಗಳು ಬಟ್ಟೆಯನ್ನು ಬಿಡುತ್ತವೆ ನಿಜ. ಆದರೆ ಅವೆಲ್ಲವೂ ನೀರಿನೊಂದಿಗೆ ಹೊರಗೆ ಹೋಗುವುದಿಲ್ಲ. ಉಳಿದ ಸೋಪಿನ ಜೊತೆ ಸೇರಿ, ನಮ್ಮ ಕಣ್ಣಿಗೆ ಬೀಳದ ಹೊರತೊಟ್ಟಿಯ ಗೋಡೆಗೆ, ಬಾಗಿಲಿನ ರಬ್ಬರಿನ ಮಡಿಕೆಗಳಿಗೆ ಲೋಳೆಯಾಗಿ ಅಂಟಿಕೊಳ್ಳುತ್ತವೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣದ ಪದರವೂ ಕೂಡಿಕೊಳ್ಳುತ್ತದೆ. ತೇವ, ಕತ್ತಲು, ಮುಚ್ಚಿದ ಬಾಗಿಲು: ಬ್ಯಾಕ್ಟೀರಿಯಾಗಳಿಗೂ ಬೂಷ್ಟಿಗೂ ಇದಕ್ಕಿಂತ ಒಳ್ಳೆಯ ಬಿಡಾರ ಬೇಕೆ?

ಇದು ಬರಿಯ ವಾಸನೆಯ ಮಾತಲ್ಲ. 2012-13ರಲ್ಲಿ ಜರ್ಮನಿಯ ಮಕ್ಕಳ ಆಸ್ಪತ್ರೆಯೊಂದರ ನವಜಾತ ಶಿಶುಗಳಲ್ಲಿ, ಹಲವು ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಕಾಣಿಸಿಕೊಂಡಿತು. ಹುಡುಕಿ ಹುಡುಕಿ ಕೊನೆಗೆ ಅದು ಪತ್ತೆಯಾದದ್ದು, ಕೂಸುಗಳ ಟೋಪಿ, ಕಾಲುಚೀಲಗಳನ್ನು ಒಗೆಯುತ್ತಿದ್ದ ಮನೆಬಳಕೆಯ ಮಾದರಿಯ ಯಂತ್ರದಲ್ಲಿ. ಅದರ ಸೋಪಿನ ಖಾನೆಯಲ್ಲಿ, ಬಾಗಿಲಿನ ರಬ್ಬರಿನಲ್ಲಿ. ಆ ಯಂತ್ರವನ್ನು ಅಲ್ಲಿಂದ ತೆಗೆದ ಮೇಲೆ ಹರಡುವುದು ನಿಂತಿತು. ಪುಣ್ಯಕ್ಕೆ ಯಾವ ಶಿಶುವಿಗೂ ಅಪಾಯವಾಗಲಿಲ್ಲ. ಆರೋಗ್ಯವಂತರು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಆದರೆ ಎಳೆಗೂಸು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಉದಾಸೀನ ಸಲ್ಲದು.

ವಾಸನೆ ಬಂದಾಗ ನಾವು ಮಾಡುವುದೇನು? ಇನ್ನೊಂದು ಚಮಚ ಪುಡಿ ಹಾಕುತ್ತೇವೆ, ಮೇಲೆ ಸುಗಂಧದ ದ್ರಾವಣ ಸುರಿಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಇದು ಸ್ನಾನ ಮಾಡದೆ ಅತ್ತರು ಪೂಸಿಕೊಂಡ ಹಾಗೆ. ಹೆಚ್ಚಾದ ಸೋಪು ಜಾಲಿಸಿ ಹೋಗದೆ ಒಳಗೇ ಉಳಿದು ಆ ಲೋಳೆಯನ್ನೇ ಬೆಳೆಸುತ್ತದೆ. ವಾಸನೆ ಯಂತ್ರ ಕೊಡುವ ಸೂಚನೆ. ಅದನ್ನು ಮುಚ್ಚಿಡಬಾರದು, ಕೇಳಬೇಕು.

ಮಾಡಬೇಕಾದ್ದು ಬಹಳವೇನಿಲ್ಲ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ, 60 ಡಿಗ್ರಿ ಅಥವಾ ಕೈಪಿಡಿಯಲ್ಲಿ ಹೇಳಿದಷ್ಟು ಬಿಸಿನೀರಿನಲ್ಲಿ ಯಂತ್ರವನ್ನು ಒಂದು ಸುತ್ತು ಓಡಿಸಿ. ಸೋಪಿನ ಖಾನೆ, ರಬ್ಬರಿನ ಮಡಿಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನೂಲಿನ ಕಸ ಹಿಡಿಯುವ ಫಿಲ್ಟರ್ ಬಿಚ್ಚಿ ತೊಳೆಯಿರಿ. ಸುಣ್ಣದ ಪದರ ಬಿಡಿಸಲು ಅಂಗಡಿಯಲ್ಲಿ ಸಿಗುವ ಪುಡಿ ಸಾಕು. ಆದರೆ ಬ್ಲೀಚಿಂಗ್ ಪುಡಿಯ ಜೊತೆ ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ, ಸುಣ್ಣ ಬಿಡಿಸುವ ಈ ಪುಡಿಯಾಗಲಿ ಎಂದೂ ಬೆರೆಸಬೇಡಿ. ಉಸಿರುಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಒಗೆದದ್ದು ಮುಗಿದ ಕೂಡಲೇ ಬಟ್ಟೆ ತೆಗೆದು ಬಿಸಿಲಿಗೆ ಹಾಕಿ, ಒಳಗೆ ಒಣಗುವ ತನಕ ಬಾಗಿಲು ತೆರೆದಿಡಿ. ಪುಟ್ಟ ಮಕ್ಕಳಿದ್ದರೆ ಅವರು ಒಳಗೆ ಇಳಿಯದಂತೆ ಕಣ್ಣಿಡಿ.

ಹಿಂದೆ ಒಗೆಯುವ ಕಲ್ಲು ಹಿತ್ತಲಿನಲ್ಲಿತ್ತು. ಅದನ್ನು ಒಣಗಿಸುವ ಕೆಲಸವನ್ನು ಬಿಸಿಲೇ ಮಾಡುತ್ತಿತ್ತು. ಯಂತ್ರ ಮನೆಯೊಳಗೆ ಬಂದಾಗ ಬಿಸಿಲಿನ ಕೆಲಸ ನಮ್ಮ ಪಾಲಿಗೆ ಬಂತು. ಅದನ್ನು ಯಾರೂ ಗಮನಿಸಲಿಲ್ಲ, ಯಾರಿಗೂ ಹಂಚಲೂ ಇಲ್ಲ. ಇದನ್ನೂ ಮನೆಯಾಕೆಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಭಾನುವಾರ ಬೆಳಿಗ್ಗೆ ಸ್ಕೂಟರನ್ನು ಮಿರಿಮಿರಿ ಮಿಂಚುವಂತೆ ಒರೆಸುವ ಗಂಡಸರು, ತಿಂಗಳಿಗೊಂದು ಭಾನುವಾರ ಅದೇ ಬಕೆಟ್ಟು, ಬಟ್ಟೆಗಳನ್ನು ಹಿಡಿದು ಮನೆಯೊಳಗೆ ಬಂದರೆ ಸಾಕು.