ಓಝೋನ್ ಪಾಕೀಟಿನೊಳಗ ಇರಲಿ, ಅಡಗಿಮನಿಗೆ ಬ್ಯಾಡ

ವೈನಿಗೋಳ, ಅಕ್ಕ-ತಂಗೇರ, ಈಗ ಮನಿಮನಿಗೂ ಹಣ್ಣು-ಕಾಯಿಪಲ್ಲೆ ತೊಳಿಯೋ ಓಝೋನ್ ಮಷೀನು ಬರ್ಲಿಕ್ಕೆ ಹತ್ಯಾವ. ಬುಟ್ಟಿ ನೀರಾಗ ನಳಿಗಿ ಬಿಟ್ಟು ಗುಳುಗುಳು ಅನಿಸಿದ್ರ ವಿಷ ಎಲ್ಲಾ ಹೋತು ಅಂತ ಮಾರಾವ್ರು ಹೇಳ್ತಾರ. ನಾ ಅಂತೂ ತಗೊಳ್ಳಂಗಿಲ್ಲ, ನೀವೂ ತಗೋಬ್ಯಾಡ್ರಿ.

ಓಝೋನ್ ಅನ್ನೋದು ಸುಳ್ಳಲ್ಲ ಮತ್ತ. ಗಾಳಿಯೊಳಗ ಜೋರು ವೋಲ್ಟೇಜಿನ ಕರೆಂಟು ಹಾಯಿಸಿದ್ರ ಪ್ಲಾಸ್ಮಾ ಆಗ್ತದ, ಅದರಾಗ ಆಕ್ಸಿಜನ್ ಒಡದು ಓಝೋನ್ ಆಗಿ ಕೂಡತದ. ಸೀಲ್ ಮಾಡಿದ ಪಾಕೀಟಿಗೆ ಹೊರಗಿಂದನ ಹಿಂಗ ಮಾಡೋ ಪದ್ಧತಿ ಅದ. ಪಾಕೀಟು ಬಿಚ್ಚೂದ ಬ್ಯಾಡ. ಹಣ್ಣಿನ ಮ್ಯಾಲಿನ ಕ್ರಿಮಿ, ಬೂಷ್ಟು ಕಮ್ಮಿ ಆಗ್ತಾವ, ಹಣ್ಣು ಬಿಡೋ ಎಥಿಲೀನ್ ಗಾಳಿನೂ ಮುರೀತದ, ಅದಕ್ಕ ಲಗೂನ ಕಳಿಯಂಗಿಲ್ಲ. ಆಮ್ಯಾಲೆ ಓಝೋನ್ ತಾನ ಮತ್ತ ಆಕ್ಸಿಜನ್ ಆಗಿಬಿಡ್ತದ. ಆಹಾರಕ್ಕ ಓಝೋನ್ ಬಳಸಲಿಕ್ಕೆ ಅಮೆರಿಕಾದಾಗ 2001ರಾಗನ ಒಪ್ಪಿಗಿ ಸಿಕ್ಕದ. ‘ಕರೆಂಟ್ ಹೊಡಿಸಿದ ಹಣ್ಣು ನಮಗ ಬ್ಯಾಡವಾ’ ಅನ್ನೋ ನಮ್ಮ ಮಾಮಿಗೋಳು ಕಾರ್ಬೈಡ್ ಇಟ್ಟು ಹಣ್ಣು ಮಾಡಿದ ಮಾವಿನಹಣ್ಣು ಮಾತ್ರ ಡಜನ್‌ಗಟ್ಟಲೆ ತರ್ತಾರ. ನಮ್ಮ ದೇಶದಾಗ ಕಾನೂನು ಬ್ಯಾಡ ಅಂದದ್ದು ಕಾರ್ಬೈಡಿಗೆ!

ಹಂಗಾರ ಮನ್ಯಾಗ ಯಾಕ ಬ್ಯಾಡ? ಪಾಕೀಟಿನೊಳಗ ಉಸರಾಡೋರು ಯಾರೂ ಇರಂಗಿಲ್ಲ. ಅಡಗಿಮನ್ಯಾಗ ನಾವಿರ್ತೀವಿ, ಕಾಲಾಗ ಹುಡುಗೂರು ಇರ್ತಾವ. ಗುಳ್ಳಿ ಒಡದಾಗ ಘಾಟು ವಾಸನಿ ಬರ್ತದಲ್ಲ, ಝೆರಾಕ್ಸ್ ಅಂಗಡಿಯಾಗ ಬರೋವಂಥಾದ್ದು, ಅದು ಸ್ವಚ್ಛದ ವಾಸನಿ ಅಲ್ಲ. ಓಝೋನ್ ನೀರು ಬಿಟ್ಟು ನಮ್ಮ ಎದಿಗೆ ಹೊಂಟದ ಅಂತ ಅರ್ಥ. ಕ್ರಿಮಿಯ ಮೈ ಸುಡೋದು ಶ್ವಾಸಕೋಶದ ಪದರ ಬಿಡ್ತದೇನು? ದಮ್ಮು ಇದ್ದವರಿಗೆ ಇದು ಭಾಳ ಕೆಟ್ಟದ್ದು. ಅಮೆರಿಕಾದ ಕಾರಖಾನಿಯೊಳಗ ಎಂಟು ತಾಸು ದುಡಿಯೋರಿಗೆ ಇಟ್ಟ ಮಿತಿನ ಹತ್ತು ಲಕ್ಷ ಪಾಲು ಗಾಳಿಗೆ 0.1 ಪಾಲು. ಅದನ್ನ ಅಳಿಯೋ ಯಂತ್ರ ನಿಮ್ಮ ಫ್ರಿಜ್ಜಿನ ಬಾಜೂಕ ಅದ ಏನು?

ಇನ್ನ ವಿಷದ ಮಾತು. ಸಿಪ್ಪಿ ಮ್ಯಾಲಿನ ಔಷಧ ಒಂದಿಷ್ಟು ಹೋದೀತು, ಹಣ್ಣಿನೊಳಗ ಇಳಿದದ್ದನ್ನ ಓಝೋನ್ ಮುಟ್ಟಂಗಿಲ್ಲ. ಕೊಳತದ್ದು ಆರಿಸಿ ಒಗದು, ನಳದ ಹರಿಯೋ ನೀರಾಗ ಕೈಲೆ ತಿಕ್ಕಿ ತೊಳೀರಿ, ಮ್ಯಾಲೆ ಸ್ವಚ್ಛ ಅರಿವೀಲೆ ಒರಸ್ರಿ.

ಆಗಲೇ ರೊಕ್ಕ ಕೊಟ್ಟು ತಂದೇವಿ ಅನ್ನೋರು ಮಷೀನನ್ನ ಹಿತ್ತಲದಾಗ ಇಟ್ಟು ಹಚ್ಚ್ರಿ, ಮುಗಿಯೋ ತನಕಾ ಹುಡುಗೂರನ್ನ, ದಮ್ಮಿನ ಹಿರೇರನ್ನ ಅತ್ತಾಗ ಬಿಡಬ್ಯಾಡ್ರಿ.