ಅಲಬಾಮಾ: ತರಗತಿ ಸೇರಿದರೂ ಸಂಘಕ್ಕೆ ಪ್ರವೇಶವಿಲ್ಲ
ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯವು ಕಪ್ಪುವರ್ಣೀಯರಿಗೆ ತೆರೆದುಕೊಂಡದ್ದು 1963ರಲ್ಲಿ. ಬಾಗಿಲಲ್ಲೇ ನಿಂತು ತಡೆದ ಗವರ್ನರ್ ಜಾರ್ಜ್ ವ್ಯಾಲೇಸ್ ಕೊನೆಗೆ ಕೇಂದ್ರ ಸರ್ಕಾರಕ್ಕೆ ಮಣಿದರು. ಆದರೆ ‘ಸೊರೊರಿಟಿ’ ಎಂಬ ವಿದ್ಯಾರ್ಥಿನಿಯರ ಖಾಸಗಿ ಸಂಘಗಳ ಪೈಕಿ ಬಿಳಿಯರ ಸಂಘಗಳು ಮತ್ತೆ 50 ವರ್ಷ ಬಹುತೇಕ ಬಿಳಿಯರದಾಗಿಯೇ ಉಳಿದವು.

2013ರ ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿ ಪತ್ರಿಕೆ ‘ಕ್ರಿಮ್ಸನ್ ವೈಟ್’ ಇದನ್ನು ಬಯಲಿಗೆಳೆಯಿತು. ಅರ್ಹ ಕಪ್ಪುವರ್ಣೀಯ ಯುವತಿಯ ಸೇರ್ಪಡೆಗೆ ಹಳೆಯ ವಿದ್ಯಾರ್ಥಿನಿಯರು ಅಡ್ಡಿಯಾದರೆಂದು ಸದಸ್ಯೆಯರೇ ದೂರಿದರು. ವಿಶ್ವವಿದ್ಯಾಲಯದ ಅಧ್ಯಕ್ಷೆ ಜೂಡಿ ಬಾನರ್ ಆದೇಶದಂತೆ ಆಯ್ಕೆ ಪ್ರಕ್ರಿಯೆ ಮತ್ತೆ ಆರಂಭವಾಯಿತು. ಕೆಲವೇ ದಿನಗಳಲ್ಲಿ 11 ಕಪ್ಪುವರ್ಣೀಯ ವಿದ್ಯಾರ್ಥಿನಿಯರಿಗೆ ಆಹ್ವಾನ ಬಂತು. ಮೊದಲಿಗೆ ನಾಲ್ವರು ಒಪ್ಪಿದರು.

ತಿರಸ್ಕರಿಸಿದವರಿಗೆ ಕಾರಣ ತಿಳಿಸುವ ಹೊಣೆ ಈ ಸಂಘಗಳಿಗಿಲ್ಲ. ಉದ್ಯೋಗಕ್ಕೂ ರಾಜಕಾರಣಕ್ಕೂ ನೆರವಾಗುವ ಪರಿಚಯಗಳು ಬೆಳೆಯುವುದು ಮಾತ್ರ ಇಲ್ಲಿಯೇ. ಆದ್ದರಿಂದ ಸಂಘದಿಂದ ಹೊರಗುಳಿದ ವಿದ್ಯಾರ್ಥಿನಿ ಕಳೆದುಕೊಳ್ಳುವುದು ಕೇವಲ ಗೆಳತಿಯರನ್ನಲ್ಲ. ಆಯ್ಕೆ ಗುಟ್ಟಾಗಿರುವವರೆಗೆ ವರ್ಣಭೇದಕ್ಕೆ ಆಸರೆ ತಪ್ಪದು.