ಹಕ್ಕೂ ಹೊಣೆಯೂ

ಕಾಡಿನವರೇ ಕಾಡನ್ನು ಕೆಡಿಸುವರೆಂಬ ಮಾತು ಭದ್ರಾವತಿಯ ಸೀಮೆಯಲ್ಲಿ ಇಂದಿಗೂ ಕೇಳಿಬರುವುದುಂಟು. ಇದು ನ್ಯಾಯವಲ್ಲ. 1923ರಲ್ಲಿ ಇಲ್ಲಿನ ಕಬ್ಬಿಣದ ಕುಲುಮೆ ಉರಿದುದು ಅರಣ್ಯದ ಇದ್ದಲಿನಿಂದ. ತರುವಾಯ ಕಾಗದಕ್ಕಾಗಿ ನೀಲಗಿರಿ, ಅಕೇಶಿಯಾ ತೋಪುಗಳು ಎದ್ದವು. ಮಲೆನಾಡಿನ ಹಸಲರಂತೆ ಕಾಡುತ್ಪತ್ತಿಯನ್ನು ನಂಬಿದವರಾದರೋ, ಮರುವರ್ಷಕ್ಕೆ ಬುಡವನ್ನುಳಿಸದೆ ಬಾಳಲಾರರು.

2006ನೆಯ ಇಸವಿಯ ಅರಣ್ಯ ಹಕ್ಕುಗಳ ಕಾಯಿದೆಯು ಬುಡಕಟ್ಟಿನವರ ಹಳೆಯ ಸಾಗುವಳಿಯನ್ನು, 4 ಹೆಕ್ಟೇರು ಮೀರದಂತೆ, ಮಾನ್ಯಮಾಡಿದೆ. ಆ ಭೂಮಿ ಮಕ್ಕಳಿಗೆ ಸಲ್ಲುವುದು, ಮಾರಾಟಕ್ಕೆ ಸಲ್ಲದು. ಕಾಡನ್ನೂ ಜಲಮೂಲಗಳನ್ನೂ ಕಾಯುವ ಹೊಣೆಯನ್ನು ಕಾಯಿದೆಯು ಹಕ್ಕುದಾರರಿಗೂ ಗ್ರಾಮಸಭೆಗೂ ವಹಿಸಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಮುದಾಯಿಕ ಹಕ್ಕನ್ನು ಪಡೆದರು.

ವ್ಯವಸಾಯ ಪರೀಕ್ಷಕನಾಗಿ ನಾನು ಕಂಡುದಿಷ್ಟು: ನಾಳೆ ಒಕ್ಕಲೆಬ್ಬಿಸಿಯಾರೆಂದು ಅಂಜುವವನು ಬದು ಹಾಕನು, ಹಲಸಿನ ಸಸಿಯನ್ನು ನೆಡನು. ಅಂಥವನಿಗೆ ಮಣ್ಣಿನ ಸಂರಕ್ಷಣೆಯನ್ನು ಬೋಧಿಸುವುದು ವ್ಯರ್ಥ. ಆದಕಾರಣ ಹಕ್ಕುಪತ್ರವು ಮೊದಲು, ಉಪದೇಶವು ಅನಂತರ ಎಂಬುದು ನನ್ನ ನಮ್ರ ಅಭಿಪ್ರಾಯ.

ಅರ್ಹರು ಕಾಗದಪತ್ರ ಸಾಲದೆಂದು ಹಿಂಜರಿಯಬೇಕಾಗಿಲ್ಲ. ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯಗಳಲ್ಲೊಂದೆಂದು ನಿಯಮವು ಒಪ್ಪುತ್ತದೆ. ಅಕ್ಷರಬಲ್ಲ ವಾಚಕರು ನೆರೆಯವರಿಗೆ ಅಷ್ಟನ್ನು ಬರೆದುಕೊಟ್ಟರೆ ಭೂಮಿಗೂ ಉಪಕಾರ ಮಾಡಿದಂತಾಗುವುದು.